ಮಳೆಗಾಲದಲ್ಲಿ ಸ್ಟಾರ್ಟ್ ಆಗದ ಹಳೇ ಬೈಕ್: ನೀರು ಎಲ್ಲಿ ಕೂತಿದೆ?

(ದೃಶ್ಯ: ಕೊಟ್ಟಿಗೆ ಪಕ್ಕದ ಇಳಿಮಾಡು. ಹೊರಗೆ ಜಡಿಮಳೆ. ಹಳೇ ಬೈಕಿನ ಕಿಕ್ಕರ್ ತುಳಿಯುವ ಶಬ್ದ. ಇಂಜಿನ್ ಏಳುತ್ತಿಲ್ಲ.)

ನಮಸ್ಕಾರ. ಇದು ಒಂಬತ್ತನೇ ಕಿಕ್. ಇನ್ನೂ ಸ್ಟಾರ್ಟ್ ಆಗಿಲ್ಲ.

ನಮ್ಮ ಅಪ್ಪಯ್ಯನ 1998ರ ಸ್ಪ್ಲೆಂಡರ್ ಇದು. 97.2 ಸಿಸಿ ಇಂಜಿನ್. ಬೇಸಿಗೆಯಲ್ಲಿ ಒಂದೇ ಕಿಕ್ಕಿಗೆ ಏಳುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ಹೀಗೆ ಹಟ ಮಾಡುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇರಬಹುದು. ಸಿಡಿ 100 ಇರಬಹುದು, ಆರ್‌ಎಕ್ಸ್ 100 ಇರಬಹುದು. ತೋಟಕ್ಕೆ, ಡೈರಿಗೆ, ಪೇಟೆಗೆ ಅದೇ ಆಧಾರ.

ಇಷ್ಟು ವರ್ಷ ಇದನ್ನು ಬಿಚ್ಚಿ ಜೋಡಿಸಿ ನನಗೆ ಗೊತ್ತಾಗಿದ್ದು ಇಷ್ಟು. ನಮ್ಮ ಕಡೆ ಹಳೇ ಬೈಕ್ ಓಡಿ ಓಡಿ ಸವೆಯುವುದಕ್ಕಿಂತ ನೀರು ಕುಡಿದು ಕೆಡುವುದೇ ಜಾಸ್ತಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಂಥ ಊರಿನ ಬೈಕಿಗೆ ಬಯಲುಸೀಮೆಯ ಸರ್ವಿಸ್ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಇವತ್ತು ಇಂಜಿನ್ ಬಿಚ್ಚುವುದು ಬೇಡ. ನೀರು ಎಲ್ಲಿ ಕೂತಿದೆ ಅಂತ ಹುಡುಕೋಣ.

(ದೃಶ್ಯ: ಪೆಟ್ರೋಲ್ ಕಾಕ್ ಹತ್ತಿರದಿಂದ. ಆನ್‌ನಿಂದ ರಿಸರ್ವ್‌ಗೆ ತಿರುಗಿಸುವ ಕೈ.)

ಒಂದು ರಾತ್ರಿ ತೀರ್ಥಹಳ್ಳಿಯಿಂದ ಮನೆಗೆ ಬರುತ್ತಿದ್ದೆ. ಪೆಟ್ರೋಲ್ ಮುಗಿಯಿತು, ರಿಸರ್ವ್‌ಗೆ ಹಾಕಿದೆ. ಸ್ವಲ್ಪ ದೂರ ಹೋಗಿ ಬೈಕ್ ನಿಂತೇ ಹೋಯಿತು. ಮರುದಿನ ಒಂದು ಗ್ಯಾರೇಜಿಗೆ ತಳ್ಳಿಕೊಂಡು ಹೋದೆ. ಪಿಸ್ಟನ್ ರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು ಅಂದರು. ಬಿಚ್ಚಿಸಿದೆ, ದುಡ್ಡೂ ಕೊಟ್ಟೆ. ಎರಡೇ ದಿನಕ್ಕೆ ಮತ್ತೆ ಅದೇ ಕತೆ. ಕೊನೆಗೆ ನಾನೇ ಕಾರ್ಬೊರೇಟರ್, ಅಂದರೆ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ, ಅದರ ತಳದ ಸ್ಕ್ರೂ ಸಡಿಲ ಮಾಡಿದೆ. ಪೆಟ್ರೋಲ್ ಜೊತೆ ನೀರು ಬಂತು.

ಯಾಕೆ ಹೀಗಾಗುತ್ತದೆ ನೋಡಿ. ನೀರು ಪೆಟ್ರೋಲಿಗಿಂತ ಭಾರ. ಅದು ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತದೆ. ಆನ್‌ನಲ್ಲಿದ್ದಾಗ ಪೆಟ್ರೋಲ್ ಸ್ವಲ್ಪ ಮೇಲಿನಿಂದ ಬರುತ್ತದೆ. ರಿಸರ್ವ್‌ಗೆ ಹಾಕಿದರೆ ತಳದಿಂದಲೇ ಬರುತ್ತದೆ. ಅಲ್ಲಿದ್ದ ನೀರು ಸೀದಾ ಕಾರ್ಬೊರೇಟರ್‌ಗೆ. ಈಗ ಬಂಕ್‌ನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿಕೊಂಡು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತವೆ. ಒಳಗಿನಿಂದ ಟ್ಯಾಂಕ್ ತುಕ್ಕು ಹಿಡಿಯುವುದೂ ಹೀಗೇ.

(ದೃಶ್ಯ: ಕಾರ್ಬೊರೇಟರ್ ಕೆಳಗೆ ಅಡಕೆ ಹಾಳೆ, ಅದರ ಮೇಲೆ ಪಾರದರ್ಶಕ ಗಾಜಿನ ಬಾಟಲಿ.)

ಮೊದಲು ಪೆಟ್ರೋಲ್ ಕಾಕ್ ಆಫ್ ಮಾಡಿ. ಇಂಜಿನ್ ತಣ್ಣಗಿರಲಿ. ಒಲೆ, ಬೀಡಿ, ದೀಪ ಯಾವುದೂ ಹತ್ತಿರ ಬೇಡ. ತಳದ ಡ್ರೈನ್ ಸ್ಕ್ರೂವನ್ನು ಸ್ವಲ್ಪವೇ ತಿರುಗಿಸಿ. ಬಂದದ್ದನ್ನು ಬಾಟಲಿಯಲ್ಲಿ ಹಿಡಿದು ಐದು ನಿಮಿಷ ಅಲುಗಾಡಿಸದೆ ಇಡಿ. ನೀರಿದ್ದರೆ ತಳದಲ್ಲಿ ಉರುಟು ಹನಿಗಳ ಹಾಗೆ ಕಾಣುತ್ತದೆ, ಇಲ್ಲವೇ ಮಬ್ಬು ಪದರ ಕಟ್ಟುತ್ತದೆ. ಸ್ಕ್ರೂ ಬಿಗಿ ಮಾಡಿ, ಕಾಕ್ ಆನ್ ಮಾಡಿ, ಕಾರ್ಬೊರೇಟರ್ ತಳದ ಬಟ್ಟಲು, ಅಂದರೆ ಬೌಲ್, ತುಂಬಲು ಬಿಡಿ, ಮತ್ತೆ ಒಮ್ಮೆ ಇಳಿಸಿ. ಶುದ್ಧ ಪೆಟ್ರೋಲ್ ಬರುವ ತನಕ ಇದೇ ಕೆಲಸ. ಹಾಳೆಯಲ್ಲಿ ಚೆಲ್ಲಿದ್ದನ್ನು ತೋಟಕ್ಕೆ ಸುರಿಯಬೇಡಿ, ಮಾರಾಯ್ರೆ. ಬಾವಿ ನಮ್ಮದೇ.

ಇಷ್ಟಾದರೂ ಸರಿಹೋಗದಿದ್ದರೆ ಬೌಲ್ ಬಿಚ್ಚಿ ಜೆಟ್ ನೋಡಬೇಕು. ಜೆಟ್ ಅಂದರೆ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು. ಎರಡು ಹಿತ್ತಾಳೆ ಜೆಟ್ ಇರುತ್ತವೆ. ಚಿಕ್ಕದು ಐಡ್ಲಿಂಗಿಗೆ. ಅದು ಕಟ್ಟಿಕೊಂಡರೆ ಚೋಕ್ ಎಳೆದಾಗ ಮಾತ್ರ ಬೈಕ್ ಓಡುತ್ತದೆ, ಚೋಕ್ ಬಿಟ್ಟರೆ ಆಫ್. ಸೂಜಿಯಿಂದ, ಪಿನ್ನಿನಿಂದ ಚುಚ್ಚಬೇಡಿ. ಹಿತ್ತಾಳೆ ಮೆದು. ತೂತು ಕೂದಲೆಳೆಯಷ್ಟು ಅಗಲವಾದರೂ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಸೈಕಲ್ ಪಂಪಿನ ಗಾಳಿ ಸಾಕು.

ಟ್ಯಾಂಕಿಗೆ ನೀರು ಹೋಗುವುದು ಮುಚ್ಚಳದಿಂದ. ಅದರ ಒಳಗಿನ ರಬ್ಬರ್ ವಾಷರ್ ಒಡೆದಿದ್ದರೆ ಬದಲಾಯಿಸಿ. ಮುಚ್ಚಳದಲ್ಲಿ ಗಾಳಿ ಆಡಲು ಸಣ್ಣ ದಾರಿ ಇರುತ್ತದೆ. ಕೆಸರು ಕೂತು ಅದು ಮುಚ್ಚಿಕೊಂಡರೆ ಬೈಕ್ ನಾಲ್ಕೈದು ಕಿಲೋಮೀಟರ್ ಚೆನ್ನಾಗಿ ಓಡಿ ನಿಲ್ಲುತ್ತದೆ. ಮುಚ್ಚಳ ತೆಗೆದಾಗ ಉಸ್ಸ್ ಅಂತ ಗಾಳಿ ಎಳೆದುಕೊಂಡರೆ ಇದೇ ಕಾರಣ. ಕಾರ್ಬೊರೇಟರಿನಿಂದ ಕೆಳಗೆ ಇಳಿಯುವ ಸಣ್ಣ ಪೈಪನ್ನೂ ನೋಡಿ. ಬೇಸಿಗೆಯಲ್ಲಿ ನಿಲ್ಲಿಸಿದ್ದ ಬೈಕಾದರೆ ಅದರೊಳಗೆ ಕಣಜ ಮಣ್ಣಿನ ಗೂಡು ಕಟ್ಟಿರಬಹುದು.

(ದೃಶ್ಯ: ಪ್ಲಗ್ ವೈರಿನ ತುದಿ. ತಾಮ್ರದ ಮೇಲೆ ಹಸಿರು ಕಿಲುಬು.)

ಪೆಟ್ರೋಲ್ ಸರಿ ಇದ್ದರೆ ಕರೆಂಟ್ ನೋಡೋಣ. ಇಲ್ಲಿ ಪ್ಲಗ್ಗಿಗಿಂತ ವೈರಿನ ತುದಿಯಲ್ಲೇ ಜಾಸ್ತಿ ತೊಂದರೆ. ಪ್ಲಗ್ ಕ್ಯಾಪನ್ನು ಎಡಕ್ಕೆ ತಿರುಗಿಸಿದರೆ ವೈರಿನಿಂದ ಬಿಚ್ಚಿಕೊಳ್ಳುತ್ತದೆ. ಒಳಗಿನ ತಾಮ್ರ ಹಸಿರಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಸ ತುದಿಗೆ ಕ್ಯಾಪ್ ತಿರುಗಿಸಿ ಕೂರಿಸಿ. ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಹೊಸದು ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ. ಪ್ಲಗ್ ತುದಿ ಬಿಸ್ಕೆಟ್ ಬಣ್ಣ ಇದ್ದರೆ ಒಳ್ಳೆಯದು. ಒಣ ಮಸಿ ಇದ್ದರೆ ಏರ್ ಫಿಲ್ಟರ್ ನೋಡಿ. ಒದ್ದೆ ಸ್ಪಂಜು ಗಾಳಿ ಬಿಡುವುದಿಲ್ಲ. ಇಲಿ ಅಲ್ಲೇ ಸಂಸಾರ ಹೂಡಿರುವುದನ್ನೂ ನಾನು ಕಂಡಿದ್ದೇನೆ.

ಇಂಜಿನ್ ಆಯಿಲ್ ಬಗ್ಗೆ ಒಂದು ಮಾತು. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಮನೆಯಿಂದ ಡೈರಿಗೆ ಅರ್ಧ ಕಿಲೋಮೀಟರ್ ಮಾತ್ರ ಓಡುವ ಬೈಕಿಗೂ ಹೀಗಾಗುತ್ತದೆ. ಇಂಜಿನ್ ಬಿಸಿಯಾಗುವುದೇ ಇಲ್ಲ, ಒಳಗಿನ ತೇವ ಆರುವುದಿಲ್ಲ. ಆಯಿಲ್ ಬದಲಾಯಿಸಿ. ವಾರಕ್ಕೊಮ್ಮೆ ಹತ್ತು ಹದಿನೈದು ಕಿಲೋಮೀಟರ್ ಸುತ್ತಿಸಿ.

(ದೃಶ್ಯ: ಹಿಂದಿನ ಚಕ್ರ ಬಿಚ್ಚಿದೆ. ಬ್ರೇಕ್ ಪ್ಲೇಟ್, ಎರಡು ಶೂ.)

ಈಗ ಬ್ರೇಕ್. ಬೈಕ್ ಸ್ಟಾರ್ಟ್ ಆಗದಿದ್ದರೆ ಮನೆಯಲ್ಲೇ ಇರುತ್ತೀರಿ. ಸ್ಟಾರ್ಟ್ ಆಗಿ, ನಿಲ್ಲದಿದ್ದರೆ? ಆಗುಂಬೆ ಘಾಟಿಯಲ್ಲಿ 14 ತಿರುವು ಇವೆ. ದಯವಿಟ್ಟು ಈ ಭಾಗ ಪೂರ್ತಿ ನೋಡಿ.

ಚಕ್ರದ ನಡುವಿನ ಡ್ರಮ್ ಒಳಗೆ ಎರಡು ಶೂ ಇರುತ್ತವೆ, ಅವು ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುತ್ತವೆ. ಅಲ್ಲಿಗೆ ನೀರು, ಕೆಂಪು ಮಣ್ಣು ಹೊಕ್ಕರೆ ಎರಡು ತೊಂದರೆ. ಒಂದು, ಹಿಡಿತವೇ ಇರುವುದಿಲ್ಲ. ಹಳ್ಳ ದಾಟಿದ ಮೇಲೆ ನಿಧಾನ ಹೋಗುತ್ತಾ ಬ್ರೇಕನ್ನು ಹಗುರಾಗಿ ಒತ್ತಿ ಹಿಡಿಯಿರಿ. ಶೂ ಬಿಸಿಯಾಗಿ ಒಣಗುತ್ತದೆ. ಎರಡು, ಶೂಗಳನ್ನು ಅಗಲಿಸುವ ಕ್ಯಾಮ್ ತುಕ್ಕು ಹಿಡಿದು ಒತ್ತಿದ ಬ್ರೇಕ್ ವಾಪಸ್ ಬರುವುದಿಲ್ಲ. ಕ್ಯಾಮ್ ಹೊರತೆಗೆದು, ಎಮರಿ ಪೇಪರಿನಿಂದ ಉಜ್ಜಿ, ಬೆರಳಲ್ಲಿ ಸವರಿದಷ್ಟು ಗ್ರೀಸ್ ಹಚ್ಚಿ. ಶೂಗೆ ಒಂದು ಚುಕ್ಕೆಯೂ ತಾಗಬಾರದು. ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ. ಹಳೇ ಶೂಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಶೂ ಸವೆದಿದೆಯಾ ತಿಳಿಯಲು ಚಕ್ರ ಬಿಚ್ಚಬೇಕಿಲ್ಲ. ಬ್ರೇಕ್ ಪೂರ್ತಿ ಒತ್ತಿ. ಹೊರಗಿನ ತೋಳಿನ ಬಾಣದ ಗುರುತು ಪ್ಲೇಟಿನ ಗುರುತಿಗೆ ತಲುಪಿದರೆ ಶೂ ಮುಗಿದಿದೆ.

ಟೂ ಸ್ಟ್ರೋಕ್ ಇರುವವರಿಗೆ ಇನ್ನೊಂದು. ಘಾಟಿ ಇಳಿಯುವಾಗ ಆಕ್ಸಿಲರೇಟರ್ ಮುಚ್ಚಿಕೊಂಡೇ ಇದ್ದರೆ ಪಿಸ್ಟನ್ನಿಗೆ ಆಯಿಲ್ ಕಡಿಮೆ ಸಿಗುತ್ತದೆ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ರೇಸ್ ಕೊಡಿ.

(ದೃಶ್ಯ: ಕ್ಲಚ್ ಕೇಬಲ್ ಮೇಲಿನ ತುದಿಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ, ಅದರಲ್ಲಿ ಆಯಿಲ್.)

ಕೇಬಲ್‌ಗೆ ರಾತ್ರಿ ಹೀಗೆ ಕಟ್ಟಿ ಬಿಡಿ. ಬೆಳಿಗ್ಗೆ ಕೆಳಗಿನ ತುದಿಯಲ್ಲಿ ಮೊದಲು ಕೆಂಪು ನೀರು, ಆಮೇಲೆ ಆಯಿಲ್ ಇಳಿದಿರುತ್ತದೆ. ಚೈನ್ ಕೆಳಭಾಗದ ನಡುವೆ ಎರಡರಿಂದ ಮೂರು ಸೆಂಟಿಮೀಟರ್ ಆಡಬೇಕು. ಲಾಕ್ ಕ್ಲಿಪ್ಪಿನ ಮುಚ್ಚಿದ ಬದಿ ಚೈನ್ ಓಡುವ ದಿಕ್ಕಿಗೆ ಇರಲಿ. ಚೈನ್ ಕವರಿನ ತಳದ ಕೆಸರು ಕೆರೆದು ತೆಗೆಯಿರಿ.

ಟೈಮಿಂಗ್ ಚೈನ್ ಸದ್ದು, ನೀಲಿ ಹೊಗೆ, ಗೇರ್ ಜಾರುವುದು, ಇವಕ್ಕೆ ಮನೆಯಲ್ಲಿ ಕೈ ಹಾಕಬೇಡಿ. ಒಳ್ಳೆಯ ಮೆಕ್ಯಾನಿಕ್ ಬಳಿ ಹೋಗಿ. ಬಿಚ್ಚುವ ಮೊದಲು ಕಾರ್ಬೊರೇಟರ್ ನೀರು ಇಳಿಸಿ ನೋಡಿದ್ದೇನೆ ಅಂತ ಹೇಳಿ.

(ದೃಶ್ಯ: ಮತ್ತೆ ಇಳಿಮಾಡು. ಬಾಟಲಿಯ ತಳದಲ್ಲಿ ನೀರಿನ ಹನಿಗಳು. ಕಿಕ್ಕರ್ ಮೇಲೆ ಕಾಲು.)

ಇವತ್ತು ಇದರಿಂದ ಇಷ್ಟು ನೀರು ಬಂತು, ನೋಡಿ. ಪ್ಲಗ್ ವೈರ್ ಕತ್ತರಿಸಿ ಹಾಕಿದ್ದೇನೆ. ಚೋಕ್ ಎಳೆದಿದ್ದೇನೆ.

(ಶಬ್ದ: ಎರಡು ಕಿಕ್. ಇಂಜಿನ್ ಏಳುತ್ತದೆ.)