ಅಡ್ಡ ಮಲಗಿದ ಬಾಟಲಿಗೆ ಒಂದು ಮತ

ನಮಸ್ಕಾರ. ಇವತ್ತು ಒಂದು ಮತಪತ್ರದ ಬಗ್ಗೆ ಹೇಳಬೇಕು. ಅದರಲ್ಲಿ ಅಭ್ಯರ್ಥಿಯ ಹೆಸರಿಲ್ಲ, ಪಕ್ಷದ ಗುರುತಿಲ್ಲ. ಎರಡು ಬಾಟಲಿಯ ಚಿತ್ರ ಅಷ್ಟೇ. ಒಂದು ನೆಟ್ಟಗೆ ನಿಂತಿದೆ, ಇನ್ನೊಂದು ಅಡ್ಡ ಮಲಗಿದೆ. ಊರಲ್ಲಿ ಎಣ್ಣೆ ಅಂಗಡಿ ಇರಲಿ ಅನ್ನುವವರ ಮತ ನಿಂತ ಬಾಟಲಿಗೆ. ಬೇಡ ಅನ್ನುವವರದ್ದು ಮಲಗಿದ ಬಾಟಲಿಗೆ. ಓದು ಬಾರದ ಅಜ್ಜಿಗೂ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇದು ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿದೆ. ‘ಉಭಿ ಬಾಟಲಿ, ಆಡವಿ ಬಾಟಲಿ’ ಅನ್ನುತ್ತಾರೆ. 2008ರ ಆದೇಶದ ಪ್ರಕಾರ, ಊರಿನ ಮಹಿಳಾ ಮತದಾರರಲ್ಲಿ ಶೇ 25ರಷ್ಟು ಮಂದಿ ಸಹಿ ಮಾಡಿ ಅರ್ಜಿ ಕೊಟ್ಟರೆ ಅಧಿಕಾರಿಗಳು ಸಹಿ ತಾಳೆ ನೋಡಿ ಗುಪ್ತ ಮತದಾನ ನಡೆಸಬೇಕು. ಅಡ್ಡ ಬಾಟಲಿ ಗೆದ್ದರೆ ಅಂಗಡಿಗೆ ಬೀಗ.

ಜತ್, ಅಕ್ಕಲಕೋಟೆ ಕಡೆ ಕನ್ನಡ ಮಾತಾಡುವ ಹೆಂಗಸರಿಗೂ ಈ ಹಕ್ಕಿದೆ. ಗಡಿ ದಾಟಿ ಅಥಣಿಗೋ ಇಂಡಿಗೋ ಬಂದರೆ ಇಲ್ಲ. ಅದೇ ಭಾಷೆ, ಅದೇ ಜೋಳದ ರೊಟ್ಟಿ, ಅದೇ ಕ್ವಾರ್ಟರ್ ಬಾಟಲಿ. ಕೇಳುವ ಹಕ್ಕು ಮಾತ್ರ ಇಲ್ಲ.

ನಮ್ಮ ಸೋದರತ್ತೆಯ ಊರಿನ ಗ್ರಾಮಸಭೆ ನೆನಪಾಗುತ್ತದೆ. ಬಸ್ ಸ್ಟ್ಯಾಂಡಿಗೆ ಅಂಟಿಕೊಂಡೇ ವೈನ್ ಶಾಪ್. ಸಂಜೆ ಹೈಸ್ಕೂಲ್ ಹುಡುಗಿಯರು ಬಸ್ಸಿಳಿದರೆ ಅದರ ಮುಂದೆಯೇ ನಡೆಯಬೇಕು. ಅತ್ತೆ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ‘ಸಾಹೇಬ್ರ, ಆ ಅಂಗಡಿ ಅಲ್ಲಿಂದ ತಗಸ್ರಿ’ ಅಂದರು. ‘ಅದು ನಮ್ಮ ಕೈಯಾಗಿಲ್ಲವ್ವ, ಮ್ಯಾಲಿನವರು ಲೈಸೆನ್ಸ್ ಕೊಟ್ಟಾರ’ ಅಂತ ಉತ್ತರ ಬಂತು. ಅತ್ತೆ ಕೂತರು. ಮುಂದಿನ ವಿಷಯ ಚರಂಡಿ.

ಆ ಮೇಲಿನವರಿಗೆ ಏನು ಬೇಕು? 2025-26ರ ಬಜೆಟ್‌ನಲ್ಲಿ ಕರ್ನಾಟಕ ಸರ್ಕಾರ ಅಬಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಕುಡಿಯುವ ಮದ್ಯ ಜಿಎಸ್‌ಟಿಯೊಳಗೆ ಬರುವುದಿಲ್ಲ. ತೆರಿಗೆ ಎಷ್ಟು ಅನ್ನುವುದು ಪೂರ್ತಿ ರಾಜ್ಯದ ಕೈಯಲ್ಲಿದೆ. 2023ರ ಜುಲೈ ಬಜೆಟ್‌ನಲ್ಲಿ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಿದರು. ರೇಟು ಜಾಸ್ತಿ ಆದರೆ ಕುಡಿಯುವುದು ಕಮ್ಮಿ ಆಗುತ್ತದೆ ಅನ್ನುತ್ತಾರೆ ಅಲ್ವಾ? ನಾನು ಹತ್ತಿರದಿಂದ ನೋಡಿದ ಮನೆಗಳಲ್ಲಿ ಮೊದಲು ಕಮ್ಮಿಯಾಗಿದ್ದು ಅಡುಗೆ ಎಣ್ಣೆ, ಆಮೇಲೆ ತೊಗರಿಬೇಳೆ. ಗೃಹಲಕ್ಷ್ಮಿಯ 2,000 ರೂಪಾಯಿ ಒಂದು ಬಾಗಿಲಿಂದ ಬಂದು, ಇನ್ನೊಂದು ಬಾಗಿಲಿಂದ ವೈನ್ ಶಾಪಿಗೆ ಹೋದ ಮನೆಗಳೂ ಗೊತ್ತು. ತೆರಿಗೆ ಕಟ್ಟುವುದು ಆ ಮನೆ. ಮಾತಾಡುವ ಅಧಿಕಾರ ಮಾತ್ರ ಆ ಮನೆಗಿಲ್ಲ. ಇದು ನನಗೆ ತಡೆಯಲಾಗದ ಸಂಗತಿ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಸುಮಾರು 200 ಕಿಲೋಮೀಟರ್. ರಾಯಚೂರಿನ ಕಡೆಯವರೂ ಇದ್ದರು. ಅವರು ಕೇಳಿದ್ದು ಮದ್ಯ ನಿಷೇಧ. ಒಂದು ಅರ್ಜಿ, ಒಂದು ಮತಪೆಟ್ಟಿಗೆ ಅವರವರ ಊರಲ್ಲೇ ಇದ್ದಿದ್ದರೆ ಅಷ್ಟು ದೂರ ಕಾಲು ಸವೆಸಬೇಕಿತ್ತಾ?

ಮಹಾರಾಷ್ಟ್ರದ ನಿಯಮವನ್ನು ಹಾಗೇ ಎತ್ತಿಕೊಂಡು ಬನ್ನಿ ಅಂತ ನಾನು ಹೇಳುವುದಿಲ್ಲ. ಅದರಲ್ಲೊಂದು ಮುಳ್ಳಿದೆ. ಅಲ್ಲಿ ಬೇಕಾದದ್ದು ಮತ ಹಾಕಿದವರ ಅರ್ಧ ಅಲ್ಲ, ಪಟ್ಟಿಯಲ್ಲಿರುವ ಎಲ್ಲ ಮಹಿಳಾ ಮತದಾರರ ಅರ್ಧಕ್ಕಿಂತ ಹೆಚ್ಚು. ಒಂದು ಊರಲ್ಲಿ 1,200 ಮಹಿಳಾ ಮತದಾರರಿದ್ದಾರೆ ಅಂದುಕೊಳ್ಳಿ. 800 ಮಂದಿ ಬಂದರು. 590 ಮಂದಿ ಅಡ್ಡ ಬಾಟಲಿಗೆ ಹಾಕಿದರು, 210 ಮಂದಿ ನಿಂತ ಬಾಟಲಿಗೆ. ಯಾರು ಗೆದ್ದರು? ಅಂಗಡಿ ಗೆದ್ದಿತು! 601 ಬೇಕಿತ್ತು. ಕಬ್ಬು ಕಡಿಯಲು ಗುಳೆ ಹೋದವಳು, ಬಾಣಂತನಕ್ಕೆ ತವರಿಗೆ ಹೋದವಳು, ಸತ್ತರೂ ಪಟ್ಟಿಯಿಂದ ಹೆಸರು ತೆಗೆಯದ ಮುದುಕಿ, ಎಲ್ಲರೂ ಲೆಕ್ಕದಲ್ಲಿ ಅಂಗಡಿಯ ಕಡೆಗೇ. ಶಾಸಕರನ್ನು ನಾವು ಹೀಗೆ ಆರಿಸುತ್ತೇವಾ? ಬಂದು ಹಾಕಿದ ಮತ ಎಣಿಸುತ್ತೇವೆ. ಬಾಟಲಿಗೂ ಅದೇ ಲೆಕ್ಕ ಇರಲಿ. ಮತದಾನದ ದಿನವನ್ನೂ ಕಬ್ಬಿನ ಹಂಗಾಮು ಮುಗಿದ ಮೇಲೆ ಇಡಲಿ.

ಅಂಗಡಿ ಮುಚ್ಚಿದರೆ ಕಳ್ಳಭಟ್ಟಿ ಬರುತ್ತದೆ ಅನ್ನುವ ಮಾತು ಸುಳ್ಳಲ್ಲ. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯಲ್ಲಿ 2015ರಲ್ಲಿ ತಂದ ನಿಷೇಧವನ್ನು 2021ರಲ್ಲಿ ಅಲ್ಲಿನ ಸರ್ಕಾರವೇ ಹಿಂತೆಗೆದುಕೊಂಡಿತು. ಅಕ್ರಮ ಮಾರಾಟ ಹೆಚ್ಚಿದ್ದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಹಾಗಾಗಿ ಇಡೀ ರಾಜ್ಯಕ್ಕೆ ನಿಷೇಧ ಹೇರಿ ಅಂತ ನಾನು ಕೇಳುತ್ತಿಲ್ಲ. ಕುಡಿಯುವವರು ಕುಡಿಯಲಿ, ಅದು ಅವರಿಗೆ ಬಿಟ್ಟದ್ದು. ಆದರೆ ಅಂಗಡಿ ಇದ್ದ ಊರಲ್ಲೂ ಕಿರಾಣಿ ಅಂಗಡಿಯ ಹಿಂದೆ 90 ಎಂಎಲ್ ಪ್ಯಾಕೆಟ್ ಸಿಗುತ್ತಿದೆ, ಇದು ಎಲ್ಲರಿಗೂ ಗೊತ್ತು. ಕಳ್ಳ ಮಾರಾಟ ಹಿಡಿಯುವುದು ಅಬಕಾರಿ ಇಲಾಖೆಯ ಕೆಲಸ. ಆ ಕೆಲಸ ಸರಿಯಾಗಿ ಆಗುತ್ತಿಲ್ಲ ಅಂತ ಹೆಂಗಸರ ಮತವನ್ನು ತಡೆಯುವುದು ಯಾವ ನ್ಯಾಯ?

ನಮ್ಮ ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ನಿಮ್ಮೂರಿನದು ಯಾವತ್ತು ಅಂತ ಪಂಚಾಯಿತಿಯಲ್ಲಿ ಕೇಳಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಓಣಿಯ ಹತ್ತು ಮಂದಿ ಸೇರಿ ಹೋಗಿ. ‘ಅಂಗಡಿ ಇರಬೇಕೋ ಬೇಡವೋ ಅಂತ ನಮ್ಮಿಂದ ಮತ ಹಾಕಿಸಿ’ ಅಂತ ಕೇಳಿ. ನಮ್ಮ ಕೈಯಲ್ಲಿಲ್ಲ ಅಂದರೆ, ನಾವು ಕೇಳಿದ್ದನ್ನೂ ನೀವು ಹೇಳಿದ್ದನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ ಅನ್ನಿ. ಬರೆದದ್ದನ್ನು ಓದಿಸಿಕೊಂಡ ಮೇಲೇ ಸಹಿ ಹಾಕಿ. ಅತ್ತೆಯ ಊರಿನ ಮುಂದಿನ ಸಭೆಗೆ ನಾನೂ ಹೋಗುತ್ತಿದ್ದೇನೆ.