ಬಾಗಿಲು ತೆಗೆಯದೆ ಮಂಡಿಯ ಲೆಕ್ಕ ಕ್ಲೌಡ್‌ಗೆ ಹೋಗೋದು ಹೇಗೆ?

ನಮಸ್ಕಾರ. ತೀರ್ಥಹಳ್ಳಿಯ ವೀಕ್ಷಕರೊಬ್ಬರು ಕೇಳಿದ್ದಾರೆ: "ನಮ್ಮ ಸರ್ವರ್‌ಗೆ ಹೊರಗಿನಿಂದ ಯಾರೂ ಬರದ ಹಾಗೆ ಫೈರ್‌ವಾಲ್ ಹಾಕಿಸಿದ್ದೇವೆ. ಆದರೂ ಪವರ್ ಬಿಐ ರಿಪೋರ್ಟ್‌ನಲ್ಲಿ ಒಳಗಿನ ಡೇಟಾ ಬರ್ತಾ ಇದೆ. ನಮ್ಮ ಹುಡುಗರು ಎಲ್ಲಾದರೂ ಪೋರ್ಟ್ ತೆರೆದಿಟ್ಟಿದ್ದಾರಾ?"

ಇಲ್ಲ ಸರ್, ಹುಡುಗರನ್ನು ಬೈಯಬೇಡಿ. ಹೊಸಬರಿಗೆ ಒಂದು ಮಾತು: ಪವರ್ ಬಿಐ ಅಂದರೆ ಡೇಟಾದಿಂದ ರಿಪೋರ್ಟ್ ಮಾಡಿ ತೋರಿಸುವ ಮೈಕ್ರೋಸಾಫ್ಟ್‌ನ ಕ್ಲೌಡ್ ಸೇವೆ. ಪೋರ್ಟ್ ಅಂದರೆ ನೆಟ್‌ವರ್ಕ್‌ನಲ್ಲಿ ಡೇಟಾ ಓಡಾಡುವ ಬಾಗಿಲು, ಪ್ರತಿಯೊಂದಕ್ಕೂ ಒಂದು ನಂಬರ್.

ಶಿವಮೊಗ್ಗದ ಒಂದು ಅಡಿಕೆ ಮಂಡಿ ಅಂದುಕೊಳ್ಳಿ. ಬಿಲ್ಲಿಂಗ್ ಎಲ್ಲ ಆಫೀಸಿನಲ್ಲೇ ಇರುವ ಎಸ್‌ಕ್ಯೂಎಲ್ ಸರ್ವರ್ ಅನ್ನೋ ಡೇಟಾಬೇಸ್‌ನಲ್ಲಿದೆ. ಸಾಗರದ ಬ್ರಾಂಚ್‌ನವರು ರಾಶಿ ಅಡಿಕೆ ಎಷ್ಟು, ಬೆಟ್ಟೆ ಅಡಿಕೆ ಎಷ್ಟು ಅಂತ ಶೇರ್‌ಪಾಯಿಂಟ್‌ನ (ಮೈಕ್ರೋಸಾಫ್ಟ್‌ನ ಆನ್‌ಲೈನ್ ಫೈಲ್ ಜಾಗ) ಎಕ್ಸೆಲ್‌ನಲ್ಲಿ ತುಂಬುತ್ತಾರೆ. ಸಾಹುಕಾರರಿಗೆ ಎರಡೂ ಒಂದೇ ರಿಪೋರ್ಟ್‌ನಲ್ಲಿ ಬೇಕು, ಅದೂ ಮೊಬೈಲ್‌ನಲ್ಲಿ. ಶೇರ್‌ಪಾಯಿಂಟ್ ಹೇಗೂ ಕ್ಲೌಡ್‌ನಲ್ಲೇ ಇದೆ, ಲಾಗಿನ್ ಕೊಟ್ಟರೆ ಮುಗೀತು. ಆಫೀಸಿನ ಡೇಟಾಗೆ ಮಾತ್ರ ಗೇಟ್‌ವೇ ಅನ್ನೋ ಸಾಫ್ಟ್‌ವೇರ್ ಬೇಕು. ಅಲ್ಲೇ ಒಂದು ವಿಂಡೋಸ್ ಕಂಪ್ಯೂಟರ್‌ಗೆ ಹಾಕಬೇಕು.

[ಪರದೆ ಮೇಲೆ: ಆಫೀಸಿನಿಂದ ಹೊರಗೆ ಹೋಗುವ ಒಂದೇ ಬಾಣ]

ಬಾಣದ ದಿಕ್ಕು ನೋಡಿ. ನನಗೆ ತುಂಬಾ ಇಷ್ಟವಾದ ಭಾಗ ಇದು.

ನಮ್ಮ ಕಡೆ ಒಂಟಿ ಮನೆಗಳು ಜಾಸ್ತಿ ಅಲ್ವಾ? ಮಳೆಗಾಲದಲ್ಲಿ ಹಳ್ಳ ತುಂಬಿದರೆ ಪೋಸ್ಟ್‌ಮ್ಯಾನ್ ಮನೆವರೆಗೆ ಬರೋದಿಲ್ಲ. ಆಗ ಮನೆಯ ಹುಡುಗನೇ ಪೋಸ್ಟ್ ಆಫೀಸಿಗೆ ಹೋಗಿ, "ನಮ್ಮನೆಗೆ ಏನಾದರೂ ಇದೆಯಾ?" ಅಂತ ಕೇಳುತ್ತಾನೆ. ಗೇಟ್‌ವೇನೇ ಆ ಹುಡುಗ. ಪೋಸ್ಟ್ ಆಫೀಸಿನ ಹೆಸರು ಅಝೂರ್ ರಿಲೇ, ಮೈಕ್ರೋಸಾಫ್ಟ್ ಕ್ಲೌಡ್‌ನ ಒಂದು ಸೇವೆ. ರಿಪೋರ್ಟ್ ರಿಫ್ರೆಶ್ ಆಗಬೇಕಾದಾಗ, ಅಂದರೆ ಹೊಸ ಡೇಟಾ ಬೇಕಾದಾಗ, ಪವರ್ ಬಿಐ ತನ್ನ ಕ್ವೆರಿಯನ್ನು (ಡೇಟಾ ಕೇಳುವ ಪ್ರಶ್ನೆ) ಅಲ್ಲಿ ಬಿಟ್ಟು ಹೋಗುತ್ತದೆ. ಹುಡುಗ ಎತ್ತಿಕೊಂಡು ಬಂದು, ಸರ್ವರ್ ಹತ್ತಿರ ಕೇಳಿ, ಉತ್ತರ ತಲುಪಿಸುತ್ತಾನೆ. ಹೊರಗಿನವರು ಅಂಗಳಕ್ಕೆ ಕಾಲಿಡುವುದೇ ಇಲ್ಲ! ಹೊರಗೆ ಹೋಗಲು ಪೋರ್ಟ್ 443 ಇದ್ದರೆ ಸಾಕು. ನೀವು ಬ್ಯಾಂಕ್ ವೆಬ್‌ಸೈಟ್ ತೆರೆಯುವುದೂ ಅದರಲ್ಲೇ. ಇನ್ನು ಸರ್ವರ್‌ನ ಪಾಸ್‌ವರ್ಡ್ ಕ್ವೆರಿ ಜೊತೆಗೇ ಸೀಲ್ ಮಾಡಿದ ಲಕೋಟೆಯಲ್ಲಿ, ಅಂದರೆ ಎನ್‌ಕ್ರಿಪ್ಟ್ ಆಗಿ, ಬರುತ್ತದೆ. ಅದನ್ನು ಒಡೆಯೋ ಕೀ ಇರೋದು ಗೇಟ್‌ವೇ ಹತ್ತಿರ ಮಾತ್ರ.

ಆದರೆ ಒಂದು ತಮಾಷೆ ಇದೆ. ಬಿಲ್ಲಿಂಗ್ ಮತ್ತು ಸಾಗರದ ಎಕ್ಸೆಲ್ ಎರಡನ್ನೂ ಒಂದೇ ಕ್ವೆರಿಯಲ್ಲಿ ಬೆರೆಸಿದಿರೋ, ಕ್ಲೌಡ್‌ನಲ್ಲೇ ಇದ್ದ ಆ ಎಕ್ಸೆಲ್ ಕೂಡ ಗೇಟ್‌ವೇ ಮೂಲಕವೇ ಸುತ್ತಿ ಹೋಗಬೇಕು. ಅದಕ್ಕೆ ಗೇಟ್‌ವೇ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಬೇಕು. ಜನ ಜಾಸ್ತಿ ಒದ್ದಾಡೋದು ಇಲ್ಲೇ.

ಟೈಮ್ ಆಗ್ತಾ ಬಂತು, ಉಳಿದದ್ದು ಬೇಗ ಬೇಗ.

ಪವರ್ ಬಿಐನ ಪ್ರೊ ಲೈಸೆನ್ಸ್‌ನಲ್ಲಿ ದಿನಕ್ಕೆ 8 ಸಲ ಶೆಡ್ಯೂಲ್ ರಿಫ್ರೆಶ್ ಇಡಬಹುದು. ಸತತ 4 ಸಲ ಫೇಲ್ ಆದರೆ ಪವರ್ ಬಿಐ ಆ ಶೆಡ್ಯೂಲನ್ನೇ ನಿಲ್ಲಿಸಿಬಿಡುತ್ತದೆ. ಎಂಟನ್ನೂ ಆಫೀಸ್ ಟೈಮ್‌ಗೇ ಇಟ್ಟಿದ್ದೀರಿ ಅನ್ನಿ, ಆಷಾಢದಲ್ಲಿ ಅರ್ಧ ದಿನ ಕರೆಂಟ್ ಹೋದರೆ ಕಥೆ ಮುಗೀತು. ಕರೆಂಟ್ ಬಂದರೂ ರಿಪೋರ್ಟ್ ಹಳೇದೇ ಇರುತ್ತದೆ. ನೀವೇ ಹೋಗಿ ಶೆಡ್ಯೂಲ್ ಆನ್ ಮಾಡಬೇಕು. ಆದ್ದರಿಂದ ಗೇಟ್‌ವೇ ಕಂಪ್ಯೂಟರ್‌ಗೂ ರೂಟರ್‌ಗೂ ಯುಪಿಎಸ್ ಇರಲಿ. ಸ್ಲೀಪ್ ಮೋಡ್ ಆಫ್ ಮಾಡಿ. ಸಂಜೆ ಮನೆಗೆ ಹೊತ್ತುಕೊಂಡು ಹೋಗುವ ಲ್ಯಾಪ್‌ಟಾಪ್‌ಗಂತೂ ಗೇಟ್‌ವೇ ಹಾಕಲೇಬೇಡಿ.

ಗೇಟ್‌ವೇ ಹಾಕುವಾಗ ನೀವೇ ಕೊಡುವ ರಿಕವರಿ ಕೀ ಅನ್ನೋ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಗೇಟ್‌ವೇಯನ್ನು ಬೇರೆ ಕಂಪ್ಯೂಟರ್‌ಗೆ ಸಾಗಿಸಬೇಕಾದಾಗ ಅದನ್ನೇ ಕೇಳುತ್ತದೆ. ಕಳೆದುಹೋದರೆ ಮೈಕ್ರೋಸಾಫ್ಟ್‌ನವರೂ ಹುಡುಕಿಕೊಡೋದಿಲ್ಲ. ಹಾಗಂತ ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಬೇಡಿ ಮತ್ತೆ, ತಿಜೋರಿಯಲ್ಲಿ ಇಡಿ.