ಪುಶ್‌ರಾಡ್ ಕೊನೆಗೆ ಕೊಳ್ಳುವ ಸಾಮಾನು

ಎಲ್ಲರಿಗೂ ನಮಸ್ಕಾರ.

ಇಲ್ಲಿ ಬುಲೆಟ್ ಇಟ್ಟುಕೊಂಡವರು ಎಷ್ಟು ಜನ? ಹೊಸದಲ್ಲ, ಎರಕದ ಕಬ್ಬಿಣದ ಬ್ಯಾರಲ್ ಇರುವ ಹಳೇದು. ಸರಿ, ಏಳೆಂಟು ಕೈ ಕಾಣ್ತಿವೆ. ನಿಮಗೆ ಪುಶ್‌ರಾಡ್ ಅಂದರೇನು ಅಂತ ಹೇಳಬೇಕಾಗಿಲ್ಲ, ಉಳಿದವರಿಗೆ ಒಂದು ಮಾತು. ತಿರುಗುವ ಕ್ಯಾಮ್ ದಂಡದ ಉಬ್ಬು ಲಿಫ್ಟರನ್ನು ಎತ್ತುತ್ತದೆ, ಲಿಫ್ಟರ್ ಪುಶ್‌ರಾಡನ್ನು, ರಾಡ್ ಏತದಂಥ ರಾಕರಿನ ಒಂದು ತುದಿಯನ್ನು. ರಾಕರಿನ ಇನ್ನೊಂದು ತುದಿ ವಾಲ್ವನ್ನು ಒತ್ತಿ ತೆರೆಯುತ್ತದೆ. ಬುಲೆಟ್‌ನವರು ನೀವು ಎಂಜಿನ್ ತಣ್ಣಗಿರುವಾಗ ಬಲಗಡೆಯ ಟ್ಯಾಪೆಟ್ ಮುಚ್ಚಳ ಬಿಚ್ಚುತ್ತೀರಿ, ರಾಡನ್ನು ಎರಡು ಬೆರಳಲ್ಲಿ ತಿರುಗಿಸಿ ನೋಡುತ್ತೀರಿ. ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಅಡ್ಜಸ್ಟರ್ ರಾಡಿನ ಬುಡದಲ್ಲೇ ಇರುವುದರಿಂದ ಉದ್ದ ನಿಮ್ಮ ಕೈಯಲ್ಲೇ ಇದೆ. ಮೈಸೂರಿನ ಜಾವಾ, ಯೆಜ್ಡಿ ಓಡಿಸಿದವರಿಗೆ ಆ ಕೆಲಸವೂ ಇರಲಿಲ್ಲ. ಟೂ ಸ್ಟ್ರೋಕ್, ವಾಲ್ವೇ ಇಲ್ಲ. ಪುಣ್ಯವಂತರು!

ಇವತ್ತಿನ ಮಾತು ಅಮೆರಿಕದ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ನಿಗೆ ಸರಿಯಾದ ಉದ್ದದ ಪುಶ್‌ರಾಡ್ ಆರಿಸುವ ಬಗ್ಗೆ. ಷೆವ್ರೊಲೆ ಸ್ಮಾಲ್ ಬ್ಲಾಕ್. 1955ನೇ ಸಾಲಿನ ಕಾರುಗಳಲ್ಲಿ ಬಂದಾಗ ಅದು 265 ಘನ ಇಂಚು, ಅಂದರೆ 4.3 ಲೀಟರ್. 2011ರಲ್ಲಿ ಜನರಲ್ ಮೋಟಾರ್ಸ್ ಹತ್ತು ಕೋಟಿಯನೇ ಸ್ಮಾಲ್ ಬ್ಲಾಕ್ ಮಾಡಿತು. ಅಲ್ಲಿ ಇದನ್ನು ಮನೆ ಗ್ಯಾರೇಜಿನಲ್ಲೇ ಬಿಚ್ಚಿ, ಕ್ಯಾಮ್ ಬದಲಿಸಿ, ಹೆಡ್, ಅಂದರೆ ವಾಲ್ವ್ ಇರುವ ಮೇಲಿನ ಭಾಗ, ಬದಲಿಸಿ ಪವರ್ ಏರಿಸುವುದು ಒಂದು ಹುಚ್ಚು. ಬ್ಲಾಕಿನ ನಡುವೆ ಒಂದೇ ಕ್ಯಾಮ್, 16 ವಾಲ್ವ್, 16 ಪುಶ್‌ರಾಡ್. ಹಳೆಯ ಸ್ಮಾಲ್ ಬ್ಲಾಕಿನಲ್ಲಿ ಕಾರ್ಖಾನೆಯ ರಾಡ್ ಸುಮಾರು 7.8 ಇಂಚು, ಅಂದರೆ 198 ಮಿ.ಮೀ.

ಈ 7.8 ಅನ್ನುವ ಅಂಕಿಯೇ ಜನರನ್ನು ಕೆಡಿಸುವುದು. ನನ್ನನ್ನೂ ಕೆಡಿಸಿತ್ತು. ಮೊದಲ ಸಲ ಎಂಜಿನ್ ಕಟ್ಟುವಾಗ ಕ್ಯಾಮ್ ಜೊತೆಗೇ ರಾಡುಗಳನ್ನೂ ತರಿಸಿಬಿಟ್ಟಿದ್ದೆ. ಎಂಜಿನ್ ಓಡಿತು, ಚೆನ್ನಾಗಿಯೇ ಓಡಿತು. ಸ್ವಲ್ಪ ತಿಂಗಳಾದ ಮೇಲೆ ನೀಲಿ ಹೊಗೆ ಶುರುವಾಯಿತು. ಬಿಚ್ಚಿ ನೋಡಿದರೆ ವಾಲ್ವಿನ ಕಡ್ಡಿ ಜಾರುವ ಕೊಳವೆಗಳು, ಅಂದರೆ ವಾಲ್ವ್ ಗೈಡ್‌ಗಳು ಒಂದು ಕಡೆಗೆ ಸವೆದು ಮೊಟ್ಟೆಯಾಕಾರ ಆಗಿದ್ದವು. ತಪ್ಪು ನನ್ನದೇ, ಅಳತೆ ಮಾಡಿರಲಿಲ್ಲ.

198 ಮಿ.ಮೀ. ಅನ್ನುವುದು ಕಾರ್ಖಾನೆ ತನ್ನ ಬಿಡಿಭಾಗಗಳನ್ನು ಜೋಡಿಸಿದಾಗ ಉಳಿದ ದೂರ, ಅಷ್ಟೇ. ನೀವು ಬ್ಲಾಕಿನ ಮೇಲ್ಮೈ 0.25 ಮಿ.ಮೀ. ಹೆರೆಸಿದಿರಿ, ಹೆಡ್ ಅರ್ಧ ಮಿ.ಮೀ. ಹೆರೆಸಿದಿರಿ, ಅವೆರಡರ ನಡುವಿನ ಗ್ಯಾಸ್ಕೆಟ್ ಕಾಲು ಮಿ.ಮೀ. ತೆಳ್ಳಗೆ ಹಾಕಿದಿರಿ ಅನ್ನಿ. ರಾಕರ್ ಒಂದು ಮಿ.ಮೀ. ಕೆಳಗಿಳಿಯಿತು. ಜಾಸ್ತಿ ಲಿಫ್ಟ್ ಇರುವ, ಅಂದರೆ ವಾಲ್ವನ್ನು ಇನ್ನೂ ಹೆಚ್ಚು ತೆರೆಯುವ ಕ್ಯಾಮ್ ತಂದಿರಿ. ಅದರ ಬೇಸ್ ಸರ್ಕಲ್, ಅಂದರೆ ಉಬ್ಬಿಲ್ಲದ ದುಂಡನೆ ಭಾಗ, ಸಾಮಾನ್ಯವಾಗಿ ಚಿಕ್ಕದಿರುತ್ತದೆ. ಲಿಫ್ಟರ್ ಕೆಳಗೆ ಕೂತಿತು. ವಾಲ್ವ್ 2.5 ಮಿ.ಮೀ. ಉದ್ದದ್ದು ಹಾಕಿದರೆ ರಾಡೂ ಅಷ್ಟೇ ಉದ್ದ ಬೇಕು. ರೋಲರ್ ಲಿಫ್ಟರ್ ಹಾಕಿದರೆ ಅದು ತಾನೇ ಹೆಚ್ಚು ಎತ್ತರ, ಹಾಗಾಗಿ ರಾಡ್ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಗಿಡ್ಡ ಆಗಬಹುದು. ಈ ಎಲ್ಲ ಕೂಡುವ ಕಳೆಯುವ ಲೆಕ್ಕದ ಬಾಕಿ ಬಂದು ಬೀಳುವುದು ಪುಶ್‌ರಾಡಿನ ಮೇಲೆ. ಅದಕ್ಕೇ ಅದನ್ನು ಕೊನೆಗೆ ಕೊಳ್ಳಬೇಕು.

ಈಗ ಅಳತೆ. ಹೆಡ್ಡನ್ನು ನಿಜವಾಗಿ ಹಾಕುವ ದಪ್ಪದ್ದೇ ಗ್ಯಾಸ್ಕೆಟ್ ಜೊತೆ ಕೂರಿಸಿ, ಬೋಲ್ಟ್ ಪೂರ್ತಿ ಬಿಗಿ ಮಾಡಿ. ಹೈಡ್ರಾಲಿಕ್ ಲಿಫ್ಟರ್ ಇಟ್ಟು ಅಳೆಯಬೇಡಿ. ಅದು ಒತ್ತಿದರೆ ಕುಗ್ಗುತ್ತದೆ, ಸುಳ್ಳು ಲೆಕ್ಕ ಕೊಡುತ್ತದೆ. ರಾಡ್ ಕೂರುವ ಕಪ್ ಅಷ್ಟೇ ಎತ್ತರದಲ್ಲಿರುವ ಗಟ್ಟಿ ಲಿಫ್ಟರ್ ಇಡಿ. ವಾಲ್ವ್ ಸ್ಪ್ರಿಂಗ್ ತೆಗೆದು, ಕೈಯಲ್ಲಿ ಒತ್ತಿದರೆ ಬಗ್ಗುವಂಥ ಮೆತ್ತಗಿನ ಸ್ಪ್ರಿಂಗ್ ಹಾಕಿ. ಉದ್ದ ಹೆಚ್ಚು ಕಡಿಮೆ ಮಾಡಬಹುದಾದ ಅಳತೆಯ ರಾಡ್ ಸಿಗುತ್ತದೆ, ನಡುವೆ ಥ್ರೆಡ್ ಇರುತ್ತದೆ. ಒಂದು ಸುತ್ತಿಗೆ 1.27 ಮಿ.ಮೀ. ಉದ್ದವಾಗುವಂಥವೇ ಹೆಚ್ಚು.

ಇನ್‌ಟೇಕ್ ವಾಲ್ವಿನ ರಾಡ್ ಅಳೆಯುವುದಿದ್ದರೆ ಅದೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆಯಲು ಶುರುವಾಗುವ ತನಕ ಕ್ರ್ಯಾಂಕ್ ತಿರುಗಿಸಿ. ಆಗ ಇನ್‌ಟೇಕ್ ಲಿಫ್ಟರ್ ಬೇಸ್ ಸರ್ಕಲ್ ಮೇಲಿರುತ್ತದೆ. ರಾಕರ್ ಸಡಿಲ ಇಲ್ಲದಂತೆ ಕೂರಿಸಿ. ವಾಲ್ವಿನ ತುದಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು ಕ್ರ್ಯಾಂಕನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ರಾಕರ್ ತೆಗೆದು ನೋಡಿದರೆ ಮಸಿ ಅಳಿಸಿದ ಒಂದು ಪಟ್ಟಿ ಕಾಣುತ್ತದೆ.

ಆ ಪಟ್ಟಿಯನ್ನು ಹೇಗೆ ಓದಬೇಕು ಅನ್ನುವುದರಲ್ಲೇ ಎಲ್ಲರೂ ಎಡವುವುದು. ಪಟ್ಟಿ ತುದಿಯ ನಟ್ಟನಡುವೆ ಬಂದರೆ ಸರಿ ಅಂತ ಸುಮ್ನೆ ಹೇಳಿಬಿಡುತ್ತಾರೆ. ನಾನು ಒಪ್ಪುವುದಿಲ್ಲ. ನೋಡಬೇಕಾದ್ದು ಅಗಲ. ಪಂಚಮಿಯ ಜೋಕಾಲಿ ನೆನಪು ಮಾಡಿಕೊಳ್ಳಿ. ಹಿಂದೆ ಮುಂದೆ ಸಮ ಜೀಕಿದರೆ ಹಲಗೆ ನೆಲದಿಂದ ಏಳುವುದು ಕಡಿಮೆ. ಅಷ್ಟೇ ದೂರವನ್ನು ಒಂದೇ ಕಡೆಗೆ ಜೀಕಿದರೆ ತುಂಬಾ ಮೇಲೇಳುತ್ತದೆ. ರಾಕರ್ ತುದಿಯೂ ಹೀಗೇ ಬಿಲ್ಲಿನಂತೆ ಚಲಿಸುತ್ತದೆ. ರಾಕರ್ ತೋಳು 40 ಮಿ.ಮೀ., ವಾಲ್ವ್ ಲಿಫ್ಟ್ 12 ಮಿ.ಮೀ. ಅನ್ನೋಣ. ಅರ್ಧ ಲಿಫ್ಟಿನಲ್ಲಿ ತೋಳು ವಾಲ್ವಿಗೆ ನೇರ ಅಡ್ಡವಾಗಿದ್ದರೆ ತುದಿ ಪಕ್ಕಕ್ಕೆ ಸರಿಯುವುದು 0.45 ಮಿ.ಮೀ. ಮಾತ್ರ. ವಾಲ್ವ್ ಮುಚ್ಚಿದ್ದಾಗಲೇ ತೋಳು ಅಡ್ಡವಾಗಿದ್ದರೆ 1.84 ಮಿ.ಮೀ. ನಾಲ್ಕು ಪಟ್ಟು! ಅಷ್ಟು ಸಲ ವಾಲ್ವನ್ನು ಪಕ್ಕಕ್ಕೆ ಉಜ್ಜಿದರೆ ಗೈಡ್ ಉಳಿಯುತ್ತದಾ? ನನ್ನ ನೀಲಿ ಹೊಗೆಯ ಕಥೆ ಇದೇ. ಹಾಗಾಗಿ ರಾಡಿನ ಉದ್ದ ಸ್ವಲ್ಪ ಸ್ವಲ್ಪ ಬದಲಿಸಿ, ಪ್ರತಿ ಸಲ ಮಸಿ ಬಳಿದು, ಪಟ್ಟಿ ಅತಿ ಸಣ್ಣ ಆಗುವ ಉದ್ದ ಹಿಡಿಯಿರಿ. ಅದು ನಡುವಿನಿಂದ ಒಂಚೂರು ಆಚೀಚೆ ಇದ್ದರೂ ಪರವಾಗಿಲ್ಲ. ಅಂಚಿಗೆ ಬಂದರೆ ಮಾತ್ರ ರಾಕರ್ ಬದಲಿಸುವ ಯೋಚನೆ ಮಾಡಿ.

ಇದು ಸ್ಟಡ್ ಮೇಲೆ ಕೂರುವ, ನಟ್ಟಿನಿಂದ ಎತ್ತರ ಬದಲಾಗುವ ರಾಕರ್‌ಗಳ ಮಾತು. 1997ರ ಷೆವ್ರೊಲೆ ಕಾರ್ವೆಟ್ ಕಾರಿನ ಜೊತೆ ಬಂದ ಎಲ್‌ಎಸ್1 ಎಂಜಿನ್ನಿನಲ್ಲಿ ರಾಕರನ್ನು ಬೋಲ್ಟ್ ಹಾಕಿ ಒಂದೇ ಎತ್ತರಕ್ಕೆ ಬಿಗಿ ಮಾಡುತ್ತಾರೆ. ಅಲ್ಲಿ ಪಟ್ಟಿಯನ್ನು ರಾಡ್ ಬದಲಿಸುವುದಿಲ್ಲ. ರಾಡ್ ತೀರ್ಮಾನಿಸುವುದು ಪ್ರೀಲೋಡ್ ಮಾತ್ರ, ಅಂದರೆ ಹೈಡ್ರಾಲಿಕ್ ಲಿಫ್ಟರಿನ ಒಳಗಿನ ಪ್ಲಂಜರ್ ಎಷ್ಟು ಒತ್ತಿಕೊಳ್ಳಬೇಕು ಅನ್ನುವುದು. ಬೋಲ್ಟ್ ಎಷ್ಟು ಸುತ್ತು ಬಿಗಿಯಾಯಿತು ಅಂತ ಎಣಿಸಿ, ಸುತ್ತಿಗೆ 1.25 ಮಿ.ಮೀ. ಪ್ರೀಲೋಡ್ ಅನ್ನುವವರಿದ್ದಾರೆ. ತಪ್ಪು. 1.25 ಮಿ.ಮೀ. ಇಳಿದದ್ದು ರಾಕರಿನ ನಡುವಿನ ಕೀಲು. ವಾಲ್ವ್ ತುದಿ ಅಲ್ಲಾಡುವುದಿಲ್ಲ, ರಾಕರಿನ ಅನುಪಾತ 1.7, ಅಂದರೆ ವಾಲ್ವಿನ ಕಡೆಯ ತೋಳು ರಾಡಿನ ಕಡೆಯದರ 1.7 ಪಟ್ಟು. ಹಾಗಾಗಿ ರಾಡಿನ ಕಡೆ ಇಳಿದದ್ದು 1.25ರ 1.59 ಪಟ್ಟು, ಹತ್ತಿರ ಹತ್ತಿರ 2 ಮಿ.ಮೀ. ಎಣಿಸುವ ಬದಲು ರಾಕರನ್ನು ಪೂರ್ತಿ ಬಿಗಿ ಮಾಡಿ, ಅಳತೆಯ ರಾಡನ್ನು ಸಡಿಲ ಇಲ್ಲದಂತಾಗುವ ತನಕ ಉದ್ದ ಮಾಡಿ, ಆ ಉದ್ದಕ್ಕೆ ಪ್ರೀಲೋಡ್ ಕೂಡಿಸಿ. ಎಷ್ಟು ಕೂಡಿಸಬೇಕು? ಲಿಫ್ಟರ್ ಮಾಡಿದವರು ಹೇಳಿದಷ್ಟು. ಸಾಮಾನ್ಯವಾಗಿ ಅದು 0.5ರಿಂದ 1.5 ಮಿ.ಮೀ. ಒಳಗೆ ಇರುತ್ತದೆ.

ಒಂದೇ ವಾಲ್ವ್ ಅಳೆದು 16 ರಾಡ್ ತರಿಸಬೇಡಿ. ಎರಡೂ ಹೆಡ್ಡಿನಲ್ಲಿ, ಇನ್‌ಟೇಕ್ ಎಕ್ಸಾಸ್ಟ್ ಎರಡನ್ನೂ ನೋಡಿ.

ಆರ್ಡರ್ ಮಾಡುವಾಗ ಎಡವುವ ಇನ್ನೊಂದು ಜಾಗ ಇದೆ. ರಾಡಿನ ಎರಡೂ ತುದಿಯ ಗುಂಡಿನಲ್ಲಿ ಆಯಿಲ್ ಹೋಗುವ ತೂತು ಇರುತ್ತದಲ್ವಾ? 5/16 ಇಂಚಿನ ಗುಂಡಿಗೆ 2.5 ಮಿ.ಮೀ. ತೂತು ಕೊರೆದರೆ ಆ ಗುಂಡಿನ ನೆತ್ತಿಯೇ ಹೋಗುತ್ತದೆ. ವರ್ನಿಯರ್ ಹಿಡಿದರೆ ರಾಡ್ 0.4 ಮಿ.ಮೀ. ಗಿಡ್ಡ ಕಾಣುತ್ತದೆ. ಕೆಲವರು ನೆತ್ತಿ ಇದೆ ಅಂತ ಲೆಕ್ಕ ಹಿಡಿದು ಉದ್ದ ಬರೆಯುತ್ತಾರೆ, ಕೆಲವರು ಕಂಡದ್ದನ್ನೇ ಬರೆಯುತ್ತಾರೆ. ಯಾವ ಉದ್ದ ಅಂತ ಕೇಳಿಯೇ ದುಡ್ಡು ಕೊಡಿ.

ಮೇಜಿನ ಮೇಲೆ ಅರ್ಧ ಕಟ್ಟಿದ ಎಂಜಿನ್ ಇದೆ. ರಾಡನ್ನು ಬೇಕಂತಲೇ 3 ಮಿ.ಮೀ. ಉದ್ದ ಮಾಡಿ ಇಟ್ಟಿದ್ದೇನೆ. ಮಾರ್ಕರ್ ಪೆನ್ ಇಲ್ಲಿದೆ. ಬುಲೆಟ್‌ನವರು ಯಾರಾದರೂ ಒಬ್ಬರು ಬನ್ನಿ, ಕ್ರ್ಯಾಂಕ್ ತಿರುಗಿಸಿ. ಪಟ್ಟಿ ಎಷ್ಟು ಅಗಲ ಬರುತ್ತದೆ ನೋಡೋಣ.